ಹೆಬ್ಬೆರಳು ಕೈಕೊಟ್ಟ ಮೇಲೆ

ಮಸಾಜ್ ಮಾಡಿ ಬದುಕುವವರಿಗೆ ಮೊದಲು ಕೈಕೊಡುವುದು ಹೆಬ್ಬೆರಳು. ಬುಡದ ಕೀಲು ಊದಿಕೊಳ್ಳುತ್ತದೆ. ಬೆಳಿಗ್ಗೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಲು ಹೋದರೆ ನೋವು ಮಣಿಕಟ್ಟಿನವರೆಗೂ ಹರಿಯುತ್ತದೆ. ಆಮೇಲೆ ಮಣಿಕಟ್ಟಿನ ಸರದಿ, ಆಮೇಲೆ ಭುಜದ್ದು. ದಿನಕ್ಕೆ ಐದಾರು ಜನರ ಬೆನ್ನು ಒತ್ತುವ ಕೆಲಸ ಹತ್ತು ವರ್ಷ ನಡೆದರೆ ದೇಹ ಲೆಕ್ಕ ಕೇಳದೆ ಬಿಡುವುದಿಲ್ಲ. ಪಳಗಿದವರು ಹೆಬ್ಬೆರಳನ್ನು ಕಾಪಾಡಿಕೊಂಡು ಮೊಣಕೈ, ಮುಂದೋಳುಗಳ ಭಾರ ಹಾಕಿ ಒತ್ತುತ್ತಾರೆ. ಆ ಉಪಾಯ ಹೊಸದರಲ್ಲೇ ಕಲಿಯದವರು ನಲವತ್ತರ ಆಸುಪಾಸಿಗೆ ಬರುವಾಗ ‘ಮುಂದೇನು’ ಎಂದು ಯೋಚಿಸತೊಡಗುತ್ತಾರೆ.

ಈ ಪ್ರಶ್ನೆಗೆ ಲಂಡನ್, ಟೊರೊಂಟೊ, ಮೆಲ್ಬರ್ನ್ ಕಡೆಯ ಮಸಾಜ್ ಕೋಣೆಗಳಲ್ಲಿ ಸಿಗುವ ಉತ್ತರಗಳಲ್ಲಿ ಆಸ್ಟಿಯೋಪತಿಯೂ ಒಂದು. ಹೊರಗಿನಿಂದ ನೋಡಿದರೆ ಅದು ಪಕ್ಕದ ಮನೆಯೇ. ಅಲ್ಲೂ ಮಂಚವಿದೆ, ಮಲಗಿದ ರೋಗಿಯಿದ್ದಾರೆ, ಕೈಯೇ ಉಪಕರಣ. ಬೆರಳಿಗೆ ದಣಿವು ಕಡಿಮೆ, ಬಾಗಿಲ ಬೋರ್ಡಿಗೆ ತೂಕ ಹೆಚ್ಚು. ಆದರೆ ಕಾಂಪೌಂಡು ಹಾರಿ ಆಚೆಗೆ ಹೋಗುವಂತಿಲ್ಲ, ನಾಲ್ಕೈದು ವರ್ಷ ಓದಿ ಗೇಟಿನಿಂದಲೇ ಹೋಗಬೇಕು. ವಿಚಿತ್ರವೆಂದರೆ, ಗೇಟು ದಾಟಿದವರು ಏನಾಗುತ್ತಾರೆ ಎಂಬುದು ಗೇಟು ಯಾವ ದೇಶದಲ್ಲಿದೆ ಎಂಬುದರ ಮೇಲೆ ನಿಂತಿದೆ. ಒಂದು ದೇಶದಲ್ಲಿ ಅವರು ಪೂರ್ಣ ಪ್ರಮಾಣದ ಡಾಕ್ಟರು. ಇನ್ನೊಂದರಲ್ಲಿ ಕಾನೂನಿನ ಕಾವಲಿರುವ ಚಿಕಿತ್ಸಕರು. ಮತ್ತೊಂದರಲ್ಲಿ ಮಸಾಜಿನವರಾಗಿ ಇದ್ದ ಮಾನ್ಯತೆಯೂ ಹೊಸ ಕೆಲಸಕ್ಕೆ ಒದಗಿಬರುವುದಿಲ್ಲ.

ಕನ್ನಡದ ಓದುಗರಿಗೆ ಆಸ್ಟಿಯೋಪತಿ ಎಂಬ ಹೆಸರು ಹೊಸದಿರಬಹುದು, ಅದರ ಹಿಂದಿನ ನಂಬಿಕೆ ಹೊಸದಲ್ಲ. ಸೊಂಟ ಹಿಡಿದುಕೊಂಡರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗಿ ಒದೆಸಿಕೊಂಡು ಬರುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಕೈ ಮುರಿದರೆ ಆಂಧ್ರದ ಪುತ್ತೂರಿನ ಕಟ್ಟು ಬೆಂಗಳೂರಿನ ಗಲ್ಲಿಗಳ ಬೋರ್ಡಿನಲ್ಲೂ ಸಿಗುತ್ತದೆ. ಬಾಣಂತಿಗೂ ಕೂಸಿಗೂ ಎಣ್ಣೆ ನೀವುವ ಅಜ್ಜಿಯರ ಕೈಗೆ ಯಾವ ಸರ್ಟಿಫಿಕೇಟೂ ಬೇಕಿರಲಿಲ್ಲ. ನಾವು ‘ಉಳುಕು ತೆಗೆಯುವುದು’ ಎನ್ನುತ್ತೇವಲ್ಲ, ಆ ಮಾತಿನಲ್ಲೇ ಒಂದು ಸಿದ್ಧಾಂತ ಅಡಗಿದೆ: ಒಳಗೆ ಏನೋ ಸಿಕ್ಕಿಕೊಂಡಿದೆ, ತಿಳಿದ ಕೈ ಅದನ್ನು ತೆಗೆಯಬಲ್ಲದು. ಆಸ್ಟಿಯೋಪತಿ ಹುಟ್ಟಿದ್ದೂ ಹೆಚ್ಚುಕಡಿಮೆ ಇದೇ ನಂಬಿಕೆಯಿಂದ, ಅಮೆರಿಕದ ಮಿಸೌರಿಯಲ್ಲಿ.

ಆಂಡ್ರ್ಯೂ ಟೇಲರ್ ಸ್ಟಿಲ್ ಹುಟ್ಟಿದ್ದು 1828ರಲ್ಲಿ, ವರ್ಜೀನಿಯಾದಲ್ಲಿ. ತಂದೆ ಮೆಥಡಿಸ್ಟ್ ಪಾದ್ರಿ, ಜೊತೆಗೆ ವೈದ್ಯ. ಹುಡುಗನಾಗಿದ್ದಾಗ ಒಂದು ದಿನ ತಲೆನೋವು ತಾಳಲಾರದೆ ಎರಡು ಮರಗಳ ನಡುವೆ ನೇಗಿಲ ಹಗ್ಗ ಕಟ್ಟಿ, ಅದನ್ನು ನೆಲದಿಂದ ಗೇಣೆತ್ತರಕ್ಕೆ ಇಳಿಸಿ, ಮೇಲೊಂದು ಕಂಬಳಿ ಹಾಸಿ ಕತ್ತು ಇಟ್ಟು ಮಲಗಿದನಂತೆ. ನಿದ್ದೆ ಹತ್ತಿತು, ಎದ್ದಾಗ ನೋವಿರಲಿಲ್ಲ. ಮುಂದೆ ತನ್ನ ಆತ್ಮಕಥೆಯಲ್ಲಿ ಅವನು ಈ ಹಗ್ಗವನ್ನೇ ತನ್ನ ವಿದ್ಯೆಯ ಮೊದಲ ಪಾಠವೆಂಬಂತೆ ನೆನೆದುಕೊಂಡ. ದೊಡ್ಡವನಾಗಿ ತಾನೂ ವೈದ್ಯನಾದ, ಅಂತರ್ಯುದ್ಧದಲ್ಲಿ ಉತ್ತರದವರ ಕಡೆ ದುಡಿದ. 1864ರಲ್ಲಿ ಮನೆಯ ಮೂವರು ಮಕ್ಕಳು ಮೆನಿಂಜೈಟಿಸ್‌ಗೆ ಬಲಿಯಾದರು. ಅಂದಿನ ವೈದ್ಯರ ಪೆಟ್ಟಿಗೆಯಲ್ಲಿ ಇದ್ದದ್ದು ಪಾದರಸದ ಪುಡಿ, ಅಫೀಮು, ಸಾರಾಯಿ. ತನ್ನ ಮಕ್ಕಳ ಪಾಲಿಗೆ ಯಾವುದೂ ಒದಗದ್ದನ್ನು ಕಂಡವನಿಗೆ ಔಷಧದ ಮೇಲಿನ ನಂಬಿಕೆ ಹೊರಟುಹೋಯಿತು.

ಹತ್ತು ವರ್ಷ ಕಳೆದು, 1874ರ ಜೂನ್ 22ರಂದು, ಅವನು ಹೊಸ ಪದ್ಧತಿಯೊಂದನ್ನು ಸಾರಿದ. ಮೂಳೆ ಜಾಗ ತಪ್ಪಿದರೆ ರಕ್ತದ ಹರಿವಿಗೆ ಅಡ್ಡಿ, ಹರಿವಿಗೆ ಅಡ್ಡಿಯಾದರೆ ರೋಗ, ಮೂಳೆ ಸರಿಮಾಡಿದರೆ ದೇಹ ತಾನೇ ಗುಣಪಡಿಸಿಕೊಳ್ಳುತ್ತದೆ ಎಂಬುದು ಅದರ ಸಾರ. ಊರಿಂದೂರಿಗೆ ತಿರುಗುತ್ತಿದ್ದ ಆ ದಿನಗಳಲ್ಲಿ ಮಿಂಚಿನ ವೇಗದಲ್ಲಿ ಮೂಳೆ ಕೂರಿಸುವವನೆಂದು ಕಾರ್ಡು ಅಚ್ಚುಹಾಕಿಸಿಕೊಂಡಿದ್ದ. ಅಲ್ಲಿಗೆ ಅವನೂ ನಮ್ಮ ಪುತ್ತೂರಿನವರೂ ಒಂದೇ ಕುಲದವರು. 1892ರಲ್ಲಿ ಕರ್ಕ್ಸ್‌ವಿಲ್ ಎಂಬ ಪುಟ್ಟ ಊರಿನಲ್ಲಿ ಶಾಲೆ ತೆರೆದಾಗ ಮೊದಲ ತಂಡದಲ್ಲಿ ಸುಮಾರು 20 ವಿದ್ಯಾರ್ಥಿಗಳಿದ್ದರು. ಅವರಲ್ಲಿ ಹೆಂಗಸರೂ ಇದ್ದರೆಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಸ್ಟಿಲ್ ಹೇಳಿದ್ದರಲ್ಲಿ ಬಹುಪಾಲು ನಿಲ್ಲಲಿಲ್ಲ. ಮೆನಿಂಜೈಟಿಸ್ ಬರುವುದು ಮೂಳೆ ಸರಿದು ಅಲ್ಲ. ಆದರೆ ರೋಗಿಗೆ ಪಾದರಸ ತಿನ್ನಿಸದೆ ಬಿಟ್ಟದ್ದೇ ಆ ದಿನಗಳಲ್ಲಿ ಅರ್ಧ ಚಿಕಿತ್ಸೆಯಾಗಿತ್ತು ಎಂಬುದನ್ನೂ ಒಪ್ಪಬೇಕು. ಇಲ್ಲಿಗೆ ಮುಖ್ಯವಾದದ್ದು ಬೇರೊಂದು: ತನ್ನ ವಿದ್ಯೆಯನ್ನು ಯಾರಾದರೂ ಮಸಾಜ್ ಎಂದರೆ ಅವನಿಗೆ ಉರಿಯುತ್ತಿತ್ತು. ಬೇರು ಎಲ್ಲಿದೆಯೆಂದು ಹುಡುಕದೆ ಮೈಯೆಲ್ಲ ತಿಕ್ಕಿ ಕಳಿಸುವ ಶಿಷ್ಯರನ್ನು ಎಂಜಿನ್ ಒರೆಸುವವರೆಂದು ಲೇವಡಿ ಮಾಡುತ್ತಿದ್ದ. ಎಂಜಿನಿಯರ್ ಆಗಬೇಕಾದವನು ಬಟ್ಟೆ ಹಿಡಿದು ಒರೆಸುತ್ತ ನಿಂತರೆ ಹೇಗೆ ಎಂಬ ಧಾಟಿ. ಮಸಾಜ್ ಬಿಟ್ಟು ಆಸ್ಟಿಯೋಪತಿಗೆ ಹೋಗುವವರು ಈ ಮೂದಲಿಕೆಯನ್ನು ಇಂದಿಗೂ ಬೇರೆ ಬೇರೆ ರೂಪದಲ್ಲಿ ಕೇಳುತ್ತಾರೆ.

ರೋಗಿಗಳಿಗೆ ಮಾತ್ರ ಈ ಗೆರೆ ಅಷ್ಟು ಸ್ಪಷ್ಟವಾಗಿ ಕಂಡಿದ್ದೇ ಇಲ್ಲ. ಟಾಮ್ ಸಾಯರ್ ಕಥೆಯಿಂದ ನಮಗೂ ಪರಿಚಿತನಾದ ಮಾರ್ಕ್ ಟ್ವೈನ್ 1899ರಲ್ಲಿ ಮಗಳು ಜೀನ್‌ಳ ಮೂರ್ಛೆರೋಗಕ್ಕೆ ಮದ್ದು ಹುಡುಕುತ್ತ ಸ್ವೀಡನ್ನಿನ ಸನ್ನಾ ಎಂಬಲ್ಲಿಗೆ ಹೋದ. ಅಲ್ಲಿ ಹೆನ್ರಿಕ್ ಶೆಲ್‌ಗ್ರೆನ್ ಎಂಬಾತ ಉಜ್ಜುವಿಕೆ, ಕಂಪನ, ಅಂಗಚಲನೆಗಳನ್ನು ಸೇರಿಸಿದ ಸ್ವೀಡಿಷ್ ಪದ್ಧತಿಯ ಚಿಕಿತ್ಸೆ ನಡೆಸುತ್ತಿದ್ದ. ಅಮೆರಿಕದಲ್ಲಿ ಆಸ್ಟಿಯೋಪತಿ ಎನ್ನುವುದೂ ಇದೇ ಎಂದು ಟ್ವೈನ್ ತೀರ್ಮಾನಿಸಿದ. 1901ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ಶಾಸನಸಭಾ ಸಮಿತಿಯ ಮುಂದೆ ನಿಂತು, ತನ್ನ ದೇಹವನ್ನು ಯಾರ ಕೈಗೆ ಕೊಡಬೇಕೆಂಬುದು ತನ್ನ ಹಕ್ಕು ಎಂದು ಆಸ್ಟಿಯೋಪಾತ್‌ಗಳ ಪರ ವಾದಿಸಿದ. ನ್ಯೂಯಾರ್ಕ್ ಅವರಿಗೆ ಕಾನೂನಿನ ಮಾನ್ಯತೆ ಕೊಟ್ಟದ್ದು 1907ರಲ್ಲಿ. ಜೀನ್‌ಗೆ ಗುಣವಾಗಲಿಲ್ಲ, 1909ರ ಕ್ರಿಸ್‌ಮಸ್ ಮುನ್ನಾದಿನ ಸ್ನಾನದ ತೊಟ್ಟಿಯಲ್ಲಿ ತೀರಿಕೊಂಡಳು.

ಮಸಾಜಿಗೂ ಮರ್ಯಾದೆಗಾಗಿ ಹೋರಾಡಿದ ಇತಿಹಾಸವಿದೆ. 1894ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಲಂಡನ್ನಿನ ಕೆಲವು ‘ಮಸಾಜ್ ಮನೆ’ಗಳಲ್ಲಿ ನಡೆಯುವುದು ಬೇರೆಯೇ ವ್ಯಾಪಾರವೆಂದು ಬಯಲಿಗೆಳೆದಾಗ, ನಿಜವಾಗಿ ಚಿಕಿತ್ಸೆ ಮಾಡುತ್ತಿದ್ದ ನರ್ಸುಗಳು ತಲೆತಗ್ಗಿಸುವಂತಾಯಿತು. ರೊಸಲಿಂಡ್ ಪ್ಯಾಜೆಟ್ ಸೇರಿದಂತೆ ನಾಲ್ವರು ಹೆಂಗಸರು ಸೇರಿ ತರಬೇತಾದ ಮಸಾಜ್‌ಗಾರ್ತಿಯರ ಸಂಘ ಕಟ್ಟಿದರು. ಪರೀಕ್ಷೆ ಕಡ್ಡಾಯ, ಡಾಕ್ಟರ ಚೀಟಿಯಿಲ್ಲದೆ ಗಂಡಸರಿಗೆ ಮಸಾಜ್ ಇಲ್ಲ. ಆ ಸಂಘಕ್ಕೆ 1920ರಲ್ಲಿ ರಾಜಸನ್ನದು ಸಿಕ್ಕಿತು, 1944ರಲ್ಲಿ ಅದು ಫಿಸಿಯೋಥೆರಪಿಯವರ ಸಂಘವೆಂದು ಹೆಸರು ಬದಲಿಸಿಕೊಂಡಿತು. ಅಂದರೆ ಇಂದು ಒಬ್ಬೊಬ್ಬರಾಗಿ ಹತ್ತುವ ಏಣಿಯನ್ನು ನೂರು ವರ್ಷದ ಹಿಂದೆ ಒಂದು ಇಡೀ ಕಸುಬು ಹತ್ತಿ ದಾಟಿತ್ತು. ಹತ್ತದೆ ಕೆಳಗೆ ಉಳಿದವರು ಮಸಾಜಿನವರಾಗಿಯೇ ಉಳಿದರು. ಬ್ರಿಟನ್ನಿನಲ್ಲಿ ಮಸಾಜಿಗೆ ಇಂದಿಗೂ ಸಂಸತ್ತಿನ ಕಾನೂನಿನ ನೋಂದಣಿ ಇಲ್ಲ.

ಆಸ್ಟಿಯೋಪತಿಗೆ ಇದೆ. ಸ್ಕಾಟ್ಲೆಂಡಿನ ಜಾನ್ ಮಾರ್ಟಿನ್ ಲಿಟಲ್‌ಜಾನ್ ಕರ್ಕ್ಸ್‌ವಿಲ್‌ಗೆ ಹೋಗಿ ಕಲಿತು, ಕಲಿಸಿ, 1917ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ಸ್ಕೂಲ್ ಆಫ್ ಆಸ್ಟಿಯೋಪತಿ ಸ್ಥಾಪಿಸಿದ. ಮಾನ್ಯತೆಯ ಮಸೂದೆ 1935ರಲ್ಲಿ ಲಾರ್ಡ್ಸ್ ಸಭೆಯ ಸಮಿತಿಯ ಮುಂದೆ ಮುಗ್ಗರಿಸಿತು. ಆಸ್ಟಿಯೋಪಾತ್ಸ್ ಆಕ್ಟ್ ಬರಲು 1993 ಆಗಬೇಕಾಯಿತು. 1998ರಲ್ಲಿ ನೋಂದಣಿ ಪುಸ್ತಕ ತೆರೆಯಿತು. 2000ದ ಮೇ ತಿಂಗಳಿನಿಂದ ಅದರಲ್ಲಿ ಹೆಸರಿಲ್ಲದವರು ತಮ್ಮನ್ನು ಆಸ್ಟಿಯೋಪಾತ್ ಎಂದು ಕರೆದುಕೊಂಡರೆ ಅಪರಾಧ. ಹೀಗಾಗಿ ಲಂಡನ್ನಿನ ಮಸಾಜ್ ಥೆರಪಿಸ್ಟ್ ಆಸ್ಟಿಯೋಪತಿಗೆ ಹೋದರೆ ಬಯಲಿನಿಂದ ಬೇಲಿಯೊಳಗೆ ಹೋದಂತೆ. ಬೇಲಿಗೆ ಬೆಲೆಯೂ ಇದೆ: ಪೂರ್ಣಾವಧಿಯಾದರೆ ನಾಲ್ಕು ವರ್ಷ, ಕೆಲಸ ಮಾಡಿಕೊಂಡು ಓದಿದರೆ ಐದು, ಶುಲ್ಕ ವರ್ಷಕ್ಕೆ 9,000 ಪೌಂಡಿಗೂ ಮೇಲೆ. ಬೇರೆ ದೇಶಗಳಿಗೂ ಅಳತೆಗೋಲಾಗಲೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರತಂದ ಕೈಪಿಡಿಯಲ್ಲಿ, ಹಿಂದೆ ವೈದ್ಯಕೀಯ ತರಬೇತಿಯಿಲ್ಲದವರಿಗೆ 4,200 ಗಂಟೆಗಳ ಕಲಿಕೆ, ಅದರಲ್ಲಿ ಕನಿಷ್ಠ 1,000 ಗಂಟೆ ಹಿರಿಯರ ಕಣ್ಣಳತೆಯಲ್ಲಿ ರೋಗಿಗಳನ್ನು ನೋಡುವ ಅಭ್ಯಾಸ ಎಂದು ಬರೆದಿದೆ.

ಅಷ್ಟು ಗಂಟೆ ಏನು ಕಲಿಸುತ್ತಾರೆ? ಕೈ ಆಗಲೇ ಪಳಗಿರುತ್ತದಲ್ಲ?

ಬೋಧನಾ ಕ್ಲಿನಿಕ್ಕಿಗೆ ಸೊಂಟನೋವೆಂದು ಐವತ್ತೆರಡರ ಹೆಂಗಸೊಬ್ಬರು ಬಂದರೆನ್ನಿ. ಎದುರಿಗೆ ಕುಳಿತ ವಿದ್ಯಾರ್ಥಿನಿ ಹನ್ನೆರಡು ವರ್ಷ ಮಸಾಜ್ ಮಾಡಿ ಬಂದವಳು. ಅವಳ ಕೈ ತಾನಾಗಿ ಎಣ್ಣೆ ಬಾಟಲಿ ಹುಡುಕುತ್ತದೆ. ಆದರೆ ಮೊದಲ ಇಪ್ಪತ್ತು ನಿಮಿಷ ಕೈಗೆ ಕೆಲಸವಿಲ್ಲ, ಬರೀ ಪ್ರಶ್ನೆ. ನೋವು ರಾತ್ರಿ ಮಲಗಿದಾಗಲೂ ಇರುತ್ತದೆಯೇ? ಕಾರಣವಿಲ್ಲದೆ ತೂಕ ಇಳಿದಿದೆಯೇ? ಹಿಂದೆ ಕ್ಯಾನ್ಸರ್ ಆಗಿತ್ತೇ? ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡದ್ದುಂಟೇ? ಮೂತ್ರ ಕಟ್ಟಿಕೊಳ್ಳುವುದು, ಗೊತ್ತಾಗದೆ ಹೋಗುವುದು ಉಂಟೇ? ಕುದುರೆ ಜೀನಿನ ಮೇಲೆ ಕೂತರೆ ತಾಗುವ ಭಾಗವಿದೆಯಲ್ಲ, ಅಲ್ಲಿ ಮರಗಟ್ಟಿದೆಯೇ? ಕೊನೆಯ ಎರಡಕ್ಕೆ ‘ಹೌದು’ ಎಂಬ ಉತ್ತರ ಬಂದರೆ ಬೆನ್ನುಹುರಿಯ ತುದಿಯ ನರಗಳ ಗೊಂಚಲು ಹಿಸುಕಿಹೋಗುತ್ತಿರಬಹುದು. ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು. ಮಂಚದ ಮೇಲೆ ಮಲಗಿಸಿ ಒಂದು ಗಂಟೆ ಹಿತವಾಗಿ ನೀವಿದರೆ ಆ ಗಂಟೆ ರೋಗಿಯ ಪಾಲಿಗೆ ನಷ್ಟವೇ.

ಆಮೇಲೆ ಮೊಣಕಾಲಿಗೆ ರಬ್ಬರ್ ಸುತ್ತಿಗೆ, ಹಿಮ್ಮಡಿಯ ಮೇಲೆ ನಡಿಗೆ, ಮಲಗಿಸಿ ಕಾಲು ಎತ್ತಿ ನೋಡುವುದು. ಮೇಷ್ಟ್ರು ಒಳಗೆ ಬಂದು ಕೇಳುವುದು ಮೂರೇ ಮಾತು: ಏನಿರಬಹುದು ಅಂದುಕೊಂಡಿದ್ದೀಯ? ಅದಲ್ಲದೆ ಇನ್ನೇನಿರಬಹುದು? ನಿನ್ನ ಊಹೆ ತಪ್ಪೆಂದು ಯಾವುದು ತೋರಿಸುತ್ತದೆ? ಹನ್ನೆರಡು ವರ್ಷದಲ್ಲಿ ಆಕೆಗೆ ಯಾರೂ ಮೂರನೆಯ ಪ್ರಶ್ನೆ ಕೇಳಿರಲಾರರು. ಮಸಾಜಿಗೆ ಬಂದವರು ‘ಇಲ್ಲಿ ಬಿಗಿದಿದೆ’ ಎಂದು ತೋರಿಸುತ್ತಾರೆ, ಕೈ ಅಲ್ಲಿಗೆ ಹೋಗುತ್ತದೆ. ಏನಾಗಿದೆಯೆಂದು ಹೆಸರಿಡುವ ಹೊಣೆ ಬೇರೆ ಯಾರದೋ. ಗೇಟಿನ ಆಚೆ ಆ ಹೊಣೆ ತನ್ನದೇ. ಬೆರಳಿನ ಕೆಲಸಕ್ಕಿಂತ ಇದನ್ನು ಹೊರಲು ಕಲಿಯುವುದಕ್ಕೇ ವರ್ಷಗಳು ಬೇಕಾಗುವುದು.

ಇನ್ನು ಆ ‘ಲಟಕ್’ ಶಬ್ದ. ಆಸ್ಟಿಯೋಪತಿ ಎಂದೊಡನೆ ಜನಕ್ಕೆ ನೆನಪಾಗುವುದೇ ಅದು. ಬೆನ್ನುಮೂಳೆಯ ಕೀಲನ್ನು ಅದರ ಓಡಾಟದ ಕೊನೆಯವರೆಗೆ ತಂದು, ಅಲ್ಲಿಂದ ಸಣ್ಣದಾಗಿ ಚುರುಕಾಗಿ ಒಂದು ತಳ್ಳು ಕೊಡುವುದು. ಶಬ್ದ ಮೂಳೆಯದಲ್ಲ, ‘ಜಾಗಕ್ಕೆ ಕೂತದ್ದರ’ ಗುರುತೂ ಅಲ್ಲ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೆ ಬೆರಳು ಎಳೆದು ನೋಡಿದಾಗ, ಕೀಲಿನ ದ್ರವದಲ್ಲಿ ಒಮ್ಮೆಲೇ ಅನಿಲದ ಪೊಳ್ಳು ಹುಟ್ಟುವ ಗಳಿಗೆಯಲ್ಲೇ ಶಬ್ದ ಬರುವುದು ಕಂಡಿತು. ಮಗುವಿನ ದೃಷ್ಟಿ ತೆಗೆದು ಅಜ್ಜಿ ಕಣತಲೆಗೆ ಬೆರಳೊತ್ತಿ ನೆಟಿಗೆ ಮುರಿಯುವಾಗ ಆಗುವುದೂ ಇದೇ. ನೆಟಿಗೆ ಮುರಿದರೆ ಸಂಧಿವಾತ ಬರುತ್ತದೆಂಬ ತಾಯಿಯ ಮಾತನ್ನು ಪರೀಕ್ಷಿಸಲು ಡೊನಾಲ್ಡ್ ಉಂಗರ್ ಎಂಬ ಕ್ಯಾಲಿಫೋರ್ನಿಯಾದ ಡಾಕ್ಟರು 60 ವರ್ಷ ಎಡಗೈಯ ಬೆರಳುಗಳನ್ನಷ್ಟೇ ಮುರಿದುಕೊಂಡು, ಎರಡು ಕೈಗಳಲ್ಲೂ ವ್ಯತ್ಯಾಸ ಕಾಣದೆ, 2009ರಲ್ಲಿ ಇಗ್ ನೊಬೆಲ್ ಪಡೆದರು.

ಬೆರಳಿನಲ್ಲಿ ತಮಾಷೆ, ಕತ್ತಿನಲ್ಲಿ ಅಲ್ಲ. ಕುತ್ತಿಗೆಯ ಮೂಳೆಗಳ ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ, ಅಪರೂಪಕ್ಕೆ ಅವುಗಳ ಒಳಪದರ ಹರಿಯುತ್ತದೆ. ಕ್ಷೌರ ಮುಗಿಸಿ, ತಲೆಗೆ ನಾಲ್ಕು ಏಟು ತಟ್ಟಿ, ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಲಟಕ್ಕೆನಿಸುವ ಸಲೂನುಗಳು ನಮ್ಮಲ್ಲಿ ಕಡಿಮೆಯಿಲ್ಲ. 2024ರಲ್ಲಿ ಬಳ್ಳಾರಿಯ ಸಲೂನೊಂದರಲ್ಲಿ ಹೀಗೆ ಕತ್ತು ತಿರುಗಿಸಿಕೊಂಡ ಮೂವತ್ತರ ಯುವಕನಿಗೆ ಪಾರ್ಶ್ವವಾಯು ಹೊಡೆದು, ಬೆಂಗಳೂರಿನಲ್ಲಿ ಚಿಕಿತ್ಸೆಯಾದದ್ದನ್ನು ಪತ್ರಿಕೆಗಳು ವರದಿ ಮಾಡಿದ್ದವು. ತರಬೇತಾದವರ ಕೈಯಲ್ಲೂ ಅಪಾಯ ಸೊನ್ನೆಯಲ್ಲ. ಯಾರ ಕತ್ತನ್ನು ಮುಟ್ಟಬಾರದೆಂದು ಅವರಿಗೆ ಕಲಿಸಿರುತ್ತಾರೆ, ತಪ್ಪಾದರೆ ಉತ್ತರ ಕೇಳುವ ಮಂಡಳಿಯೊಂದಿರುತ್ತದೆ.

ಈಗ ಟೊರೊಂಟೊಗೆ ಬಂದರೆ ಚಿತ್ರ ತಲೆಕೆಳಗು. ಒಂಟಾರಿಯೊ ಪ್ರಾಂತ್ಯದಲ್ಲಿ ಮಸಾಜ್ ಥೆರಪಿಗೆ 1991ರ ಕಾನೂನಿದೆ, ಅದರದೇ ನಿಯಂತ್ರಣ ಮಂಡಳಿಯಿದೆ, ‘ನೋಂದಾಯಿತ ಮಸಾಜ್ ಥೆರಪಿಸ್ಟ್’ ಎಂಬ ಬಿರುದಿಗೆ ರಕ್ಷಣೆಯಿದೆ. ಕಂಪನಿಗಳ ಆರೋಗ್ಯ ವಿಮೆಯ ಪಟ್ಟಿಯಲ್ಲಿ ಮಸಾಜಿಗೆ ವರ್ಷಕ್ಕಿಷ್ಟೆಂದು ಮೊತ್ತ ಮೀಸಲಿರುವುದು ಮಿಸಿಸಾಗಾ, ಬ್ರಾಂಪ್ಟನ್ ಕಡೆಯ ಕನ್ನಡಿಗ ಸಾಫ್ಟ್‌ವೇರ್ ಸಂಸಾರಗಳಿಗೆಲ್ಲ ಗೊತ್ತು; ಡಿಸೆಂಬರ್ ಬಂತೆಂದರೆ ಉಳಿದ ಮೊತ್ತ ಹಾಳಾಗಬಾರದೆಂದು ಬೆನ್ನು ನೆನಪಾಗುತ್ತದೆ. ಇಂಥ ಮಾನ್ಯತೆ ಪಡೆದ ಮಸಾಜ್ ಥೆರಪಿಸ್ಟ್‌ಗಳೇ ಅಲ್ಲಿನ ಆಸ್ಟಿಯೋಪತಿ ಶಾಲೆಗಳ ಬೆಂಚು ತುಂಬುವವರಲ್ಲಿ ಮುಖ್ಯರು. ವಾರವಿಡೀ ಕ್ಲಿನಿಕ್ ನಡೆಸಿ, ವರ್ಷಕ್ಕೆ ಹಲವು ಸಲ ಕೆಲವು ದಿನಗಳಂತೆ ತರಗತಿಗೆ ಹೋಗಿ, ಐದು ವರ್ಷ ತಳ್ಳಿ, ಕೊನೆಗೊಂದು ಪ್ರಬಂಧವನ್ನೂ ಬರೆಯುವವರಿದ್ದಾರೆ.

ಅಷ್ಟೆಲ್ಲ ಮಾಡಿ ಹೊರಬಂದವರು ತಮ್ಮನ್ನು ಆಸ್ಟಿಯೋಪಾತ್ ಎನ್ನುವಂತಿಲ್ಲ. ಒಂಟಾರಿಯೊದ 1991ರ ಮೆಡಿಸಿನ್ ಆಕ್ಟ್ ಪ್ರಕಾರ ಆ ಪದ ಫಿಜಿಷಿಯನ್, ಸರ್ಜನ್ ಪದಗಳ ಸಾಲಿನಲ್ಲಿ ಕೂತಿದೆ, ವೈದ್ಯರಿಗೆ ಮೀಸಲು. ಹಾಗಾಗಿ ‘ಆಸ್ಟಿಯೋಪತಿಕ್ ಮ್ಯಾನ್ಯುವಲ್ ಪ್ರಾಕ್ಟಿಷನರ್’ ಎಂಬ ಉದ್ದನೆಯ ಹೆಸರು. ಈ ಕಸುಬಿಗೆ ಅಲ್ಲಿ ಸರ್ಕಾರಿ ಮಂಡಳಿ ಇಲ್ಲ. ಇನ್ನೂ ದೊಡ್ಡ ತೊಡಕು ಬೇರೆ. ಅದೇ ವರ್ಷದ ಮತ್ತೊಂದು ಕಾನೂನು ಕೆಲವು ಕ್ರಿಯೆಗಳನ್ನು ಅಧಿಕಾರವಿರುವ ವೃತ್ತಿಗಳಿಗಷ್ಟೇ ಬಿಟ್ಟುಕೊಡುತ್ತದೆ: ರೋಗಿಗೆ ಇಂಥ ರೋಗವೆಂದು ಹೇಳುವುದು ಅವುಗಳಲ್ಲೊಂದು, ಬೆನ್ನುಮೂಳೆಯ ಕೀಲನ್ನು ಚುರುಕಾದ ಸಣ್ಣ ತಳ್ಳಿನಿಂದ ಎಂದಿನ ಮಿತಿ ಮೀರಿ ಸರಿಸುವುದು ಇನ್ನೊಂದು. ಲಂಡನ್ನಿನ ಆಸ್ಟಿಯೋಪಾತ್ ದಿನನಿತ್ಯ ಮಾಡುವ ಎರಡು ಕೆಲಸಗಳು ಟೊರೊಂಟೊದ ಅದೇ ಕಸುಬಿನವರಿಗೆ ನಿಷಿದ್ಧ. ಬೇಲಿಯೊಳಗಿದ್ದವರು ಐದು ವರ್ಷ ಓದಿ ಬಯಲಿಗೆ ಬಂದಂತಾಯಿತು. ಅದಕ್ಕೇ ಅನೇಕರು ಮಸಾಜಿನ ನೋಂದಣಿಯನ್ನು ಬಿಡದೆ ಎರಡೂ ಕೆಲಸ ಇಟ್ಟುಕೊಳ್ಳುತ್ತಾರೆ. ಆಗ ಹುಟ್ಟುವ ಇಕ್ಕಟ್ಟು ರಸೀದಿಯದು. ಆಸ್ಟಿಯೋಪತಿ ಮಾಡಿಸಿಕೊಂಡವರು ವಿಮೆಯಲ್ಲಿ ಮಸಾಜಿನ ಮೊತ್ತ ಉಳಿದಿದೆ, ಅದಕ್ಕೇ ಬರೆದುಕೊಡಿ ಎನ್ನುತ್ತಾರೆ. ಬರೆದುಕೊಟ್ಟರೆ ನೋಂದಣಿಗೇ ಕುತ್ತು.

ಅಮೆರಿಕದ ಗೇಟು ಎಲ್ಲಕ್ಕಿಂತ ಎತ್ತರ. ಅಲ್ಲಿ ಆಸ್ಟಿಯೋಪತಿ ಓದಿದವರು ಎಂ.ಡಿ.ಗಳಿಗೆ ಸಮನಾದ ಡಿ.ಒ. ಡಾಕ್ಟರುಗಳು, ಔಷಧ ಬರೆಯುತ್ತಾರೆ, ಹೃದಯ ಕೊಯ್ಯುತ್ತಾರೆ. ಟ್ರಂಪ್‌ಗೆ 2020ರಲ್ಲಿ ಕೋವಿಡ್ ಬಂದಾಗ ಮಾಧ್ಯಮದ ಮುಂದೆ ನಿಂತ ಶ್ವೇತಭವನದ ವೈದ್ಯ ಶಾನ್ ಕಾನ್ಲಿ ಡಿ.ಒ. ಪದವೀಧರರು, ಆನಂತರ ಬೈಡನ್ ಅವರ ವೈದ್ಯರಾಗಿದ್ದ ಕೆವಿನ್ ಓಕಾನರ್ ಕೂಡ. 1962ರಲ್ಲಿ ಕ್ಯಾಲಿಫೋರ್ನಿಯಾ ಎರಡು ಪಂಗಡಗಳನ್ನು ವಿಲೀನ ಮಾಡಹೊರಟು, 65 ಡಾಲರ್ ಕಟ್ಟಿದರೆ ಡಿ.ಒ. ತೆಗೆದು ಎಂ.ಡಿ. ಕೊಡುತ್ತೇವೆ ಎಂದಾಗ ಸುಮಾರು 2,000 ಮಂದಿ ಬದಲಾಯಿಸಿಕೊಂಡರು. ಅಷ್ಟು ಹತ್ತಿರ ಬಂದಮೇಲೆ ಕೈಚಿಕಿತ್ಸೆಯ ಪಾಲೂ ತೆಳುವಾಯಿತು: ನಾಲ್ಕು ವರ್ಷದಲ್ಲಿ ಸುಮಾರು 200 ಗಂಟೆ, ಓದು ಮುಗಿದ ಮೇಲೆ ಹೆಚ್ಚಿನವರು ಅದನ್ನು ಬಳಸುವುದು ಅಪರೂಪ. ಅಲ್ಲಿ ಮಸಾಜ್ ಲೈಸೆನ್ಸಿಗೆ ಬಹುಪಾಲು ರಾಜ್ಯಗಳು ಕೇಳುವುದು 500ರಿಂದ 1,000 ಗಂಟೆಯ ಕಲಿಕೆ. ಅಲ್ಲಿಂದ ಡಿ.ಒ. ಆಗಬೇಕಾದರೆ ಪದವಿ, ಪ್ರವೇಶ ಪರೀಕ್ಷೆ, ನಾಲ್ಕು ವರ್ಷದ ವೈದ್ಯಶಾಲೆ, ಕಡಿಮೆಯೆಂದರೆ ಮೂರು ವರ್ಷದ ರೆಸಿಡೆನ್ಸಿ. ಹೆಬ್ಬೆರಳು ನೋಯುತ್ತದೆಂದು ಹೊರಟವರು ಡಾಕ್ಟರಾಗಿ ಮರಳುವಷ್ಟರಲ್ಲಿ ಮಕ್ಕಳು ಕಾಲೇಜು ಮುಗಿಸಿರುತ್ತಾರೆ.

ಒಂದೇ ಸರ್ಟಿಫಿಕೇಟು ಗಡಿ ದಾಟಿದರೆ ಏನಾಗುತ್ತದೆಂಬುದನ್ನು ಸ್ಟೀಫನ್ ವಾರ್ಡ್‌ನಷ್ಟು ಚೆನ್ನಾಗಿ ಕಂಡವರಿಲ್ಲ. ಬ್ರಿಟನ್ ಸರ್ಕಾರವನ್ನು ಅಲುಗಿಸಿದ 1963ರ ಪ್ರೊಫ್ಯೂಮೊ ಹಗರಣದಲ್ಲಿ ಹೆಸರು ಕೆಡಿಸಿಕೊಂಡು ಸತ್ತ ಈ ಲಂಡನ್ ಆಸ್ಟಿಯೋಪಾತ್ ಕಲಿತದ್ದು ಕರ್ಕ್ಸ್‌ವಿಲ್‌ನಲ್ಲೇ. ಅಲ್ಲಿ ಡಾಕ್ಟರ್ ಎನಿಸಿಕೊಂಡವನನ್ನು ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ವೈದ್ಯದಳ ವೈದ್ಯನಾಗಿ ತೆಗೆದುಕೊಳ್ಳಲಿಲ್ಲ. ಟ್ಯಾಂಕುಗಳ ದಳಕ್ಕೆ ಹಾಕಿದರು. ಅಲ್ಲಿ ಸೊಂಟ ಹಿಡಿದವರು ಅವನ ಹತ್ತಿರ ಹೋಗುತ್ತಿದ್ದರು. ಮುಂದೆ ಭಾರತಕ್ಕೆ ಬಂದಾಗ ಗಾಂಧೀಜಿಯ ಕತ್ತಿಗೂ ಕೈಯಿಟ್ಟಿದ್ದನೆಂಬ ಮಾತಿದೆ.

ಭಾರತದಲ್ಲಿ ಗೇಟೇ ಸರಿಯಾಗಿ ಕಾಣುವುದಿಲ್ಲ. ದಂತವೈದ್ಯರಿಗಿರುವಂತೆ ಆಸ್ಟಿಯೋಪತಿಗೆಂದೇ ಒಂದು ಮಂಡಳಿ ಇಲ್ಲಿಲ್ಲ. ಬೆಂಗಳೂರಿನ ಆರ್ಟ್ ಆಫ್ ಲಿವಿಂಗ್ ಬಳಗದ ಶ್ರೀ ಶ್ರೀ ವಿಶ್ವವಿದ್ಯಾಲಯ ಒಡಿಶಾದ ಕಟಕ್‌ನಲ್ಲಿ ಆಸ್ಟಿಯೋಪತಿ ಪದವಿ ನಡೆಸುತ್ತಿದೆ. ಉಳಿದಂತೆ, ಕೈಚಿಕಿತ್ಸೆಯಲ್ಲಿ ಮೇಲೆ ಹತ್ತಬೇಕೆನ್ನುವ ಕನ್ನಡದ ಹುಡುಗ ಹುಡುಗಿಯರಿಗೆ ಕಾಣುವ ಏಣಿಗಳು ಫಿಸಿಯೋಥೆರಪಿ, ಆಯುರ್ವೇದ, ಇಲ್ಲವೆ 1989ರಿಂದ ಉಜಿರೆಯಲ್ಲಿ ಎಸ್‌ಡಿಎಂ ಸಂಸ್ಥೆ ಕಲಿಸುತ್ತಿರುವಂಥ ಪ್ರಕೃತಿ ಚಿಕಿತ್ಸೆ. ಎಲ್ಲಕ್ಕೂ ಪಿಯುಸಿ ವಿಜ್ಞಾನ ಬೇಕು. ಪಂಚಕರ್ಮದ ಕೋಣೆಯಲ್ಲಿ ಇಪ್ಪತ್ತು ವರ್ಷ ಅಭ್ಯಂಗ ಮಾಡಿದ ಕೈಯನ್ನು ಅಷ್ಟಿಷ್ಟಾದರೂ ಲೆಕ್ಕಕ್ಕೆ ಹಿಡಿದು ಮೊದಲ ಮೆಟ್ಟಿಲು ಬಿಟ್ಟುಕೊಡುವ ಕೋರ್ಸು ಇದ್ದಿದ್ದರೆ ಚೆನ್ನಿತ್ತು.

ಅಷ್ಟು ಓದಿ ಮಾಡುವ ಚಿಕಿತ್ಸೆ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನೂ ಕೇಳಬೇಕು. ಬ್ರಿಟನ್ನಿನಲ್ಲಿ 1,334 ಸೊಂಟನೋವಿನ ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೈಚಿಕಿತ್ಸೆಯಿಂದ ಮೂರು ತಿಂಗಳಲ್ಲಿ ಸಾಧಾರಣ ಲಾಭ, ವರ್ಷದ ಕೊನೆಗೆ ಅಲ್ಪ ಲಾಭ ಕಂಡಿತು. 2021ರಲ್ಲಿ ಫ್ರಾನ್ಸಿನವರು 400 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಆಸ್ಟಿಯೋಪತಿ, ಇನ್ನೊಂದಕ್ಕೆ ಹಗುರಾಗಿ ಮುಟ್ಟುವ ತೋರಿಕೆಯ ಚಿಕಿತ್ಸೆ ಕೊಟ್ಟು ನೋಡಿದರು. ವ್ಯತ್ಯಾಸವಿತ್ತು, ಆದರೆ ರೋಗಿಯ ದಿನಚರಿಯಲ್ಲಿ ಗೊತ್ತಾಗುವಷ್ಟು ದೊಡ್ಡದಲ್ಲ. ವ್ಯಾಯಾಮದ ಜೊತೆ ಸೇರಿಸಿದರೆ ಮಾತ್ರ ಕೈಚಿಕಿತ್ಸೆ ಕೊಡಬಹುದೆಂದು ಚಿಕಿತ್ಸೆಗಳನ್ನು ತೂಗಿನೋಡುವ ಇಂಗ್ಲೆಂಡಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಹೇಳುತ್ತದೆ. ತೆಗೆದುಹಾಕುವಂಥದ್ದೂ ಅಲ್ಲ, ತಲೆಯ ಮೇಲೆ ಹೊರುವಂಥದ್ದೂ ಅಲ್ಲ.

ತಲೆಯ ಮಾತು ಬಂತು. ಆಸ್ಟಿಯೋಪತಿಯ ಅತಿ ಸಡಿಲವಾದ ಕೊಂಡಿ ಇರುವುದು ಅಲ್ಲೇ. ಸ್ಟಿಲ್‌ನ ಶಿಷ್ಯ ವಿಲಿಯಂ ಗಾರ್ನರ್ ಸದರ್ಲ್ಯಾಂಡ್ ಕರ್ಕ್ಸ್‌ವಿಲ್‌ನಲ್ಲಿ ಬಿಡಿಸಿಟ್ಟ ತಲೆಬುರುಡೆಯನ್ನು ನೋಡುತ್ತ ನಿಂತಾಗ, ಕಣತಲೆಯ ಮೂಳೆಗಳ ಓರೆಯಾದ ಅಂಚು ಮೀನಿನ ಕಿವಿರಿನಂತೆ ಕಂಡಿತು. ಕಿವಿರಿನಂತಿದ್ದರೆ ಉಸಿರಾಡುತ್ತಿರಬೇಕಲ್ಲ? ಅಲ್ಲಿಂದ ತಲೆಬುರುಡೆಯ ಮೂಳೆಗಳು ಲಯಬದ್ಧವಾಗಿ ಸರಿಯುತ್ತವೆ, ಪಳಗಿದ ಬೆರಳಿಗೆ ಆ ಲಯ ಸಿಗುತ್ತದೆ ಎಂಬ ಇಡೀ ಶಾಖೆಯೇ ಬೆಳೆಯಿತು. ಒಬ್ಬನೇ ರೋಗಿಯ ತಲೆಯನ್ನು ಇಬ್ಬರು ಪಳಗಿದವರು ಬೇರೆ ಬೇರೆಯಾಗಿ ಹಿಡಿದು ಎಣಿಸಿದರೆ ಲೆಕ್ಕ ಹೊಂದುವುದಿಲ್ಲವೆಂದು ಪರೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಆದರೂ ಕೆನಡಾ, ಫ್ರಾನ್ಸಿನ ಶಾಲೆಗಳಲ್ಲಿ ಇದನ್ನು ಶ್ರದ್ಧೆಯಿಂದ ಕಲಿಸುತ್ತಾರೆ. ಮಸಾಜಿನಿಂದ ಬಂದವರಿಗೆ ಇದು ಬಹುಬೇಗ ಒಗ್ಗುತ್ತದಂತೆ. ಬೆರಳನ್ನು ನಂಬಿಯೇ ಅಲ್ಲವೇ ಅವರು ಅಷ್ಟು ವರ್ಷ ಬದುಕಿದ್ದು!

ಬೆರಳನ್ನು ಹರಿತಗೊಳಿಸಲು ಈ ಶಾಲೆಗಳಲ್ಲಿ ಹಳೆಯದೊಂದು ಅಭ್ಯಾಸವಿದೆ. ಟೆಲಿಫೋನ್ ಡೈರೆಕ್ಟರಿಯ ಹಾಳೆಯ ಕೆಳಗೆ ತಲೆಗೂದಲೊಂದನ್ನು ಇಟ್ಟು, ಕಣ್ಣು ಮುಚ್ಚಿ ಬೆರಳಾಡಿಸಿ ಎಲ್ಲಿದೆಯೆಂದು ಹುಡುಕಬೇಕು. ಸಿಕ್ಕರೆ ಮೇಲೆ ಇನ್ನೊಂದು ಹಾಳೆ, ಆಮೇಲೆ ಮತ್ತೊಂದು. ಮೊದಲ ದಿನ ಎರಡು ಹಾಳೆಗೇ ಸೋತ ಬೆರಳು ವಾರಗಳಾದಂತೆ ಎಷ್ಟೋ ಹಾಳೆಗಳ ಅಡಿಯ ಕೂದಲನ್ನು ಹಿಡಿಯುತ್ತದೆ. ಡೈರೆಕ್ಟರಿ ಈಗ ಯಾರ ಮನೆಯಲ್ಲೂ ಇಲ್ಲ. ಈ ಅಂಕಣ ಅಚ್ಚಾದ ಹಾಳೆಯೂ ಸಾಕು. ಕೂದಲಿಡುವ ಕೆಲಸವನ್ನು ಮಾತ್ರ ಮನೆಯ ಬೇರೆ ಯಾರಿಗಾದರೂ ಒಪ್ಪಿಸಬೇಕು, ನಡುನಡುವೆ ಕೂದಲೇ ಇಡದೆ ‘ಇಟ್ಟಿದ್ದೀನಿ, ಹುಡುಕಿ’ ಎನ್ನಲು ಅವರಿಗೆ ಹೇಳಿರಬೇಕು.